100!ನ ಕೊನೆಯಲ್ಲಿ ಎಷ್ಟು ಸೊನ್ನೆ? ಫ್ಯಾಕ್ಟೋರಿಯಲ್ ಒಳಗಿನ ಘಾತ ಹುಡುಕುವ ದಾರಿ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ: 100!ನ (100 ಫ್ಯಾಕ್ಟೋರಿಯಲ್, ಅಂದರೆ 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧದ) ಕೊನೆಯಲ್ಲಿ ಎಷ್ಟು ಸೊನ್ನೆಗಳಿವೆ? ಅದರ ಬೆನ್ನಿಗೇ ಅದೇ ಜಾತಿಯ ಇನ್ನೊಂದು ಬರುತ್ತದೆ: 50!ಅನ್ನು ಶೇಷ ಉಳಿಯದಂತೆ ಭಾಗಿಸುವ 8ರ ಅತಿ ದೊಡ್ಡ ಘಾತ ಯಾವುದು?

ಮೊದಲನೆಯದಕ್ಕೆ 24 ಅನ್ನುವ ಉತ್ತರ ಬಹಳ ಜನಕ್ಕೆ ಬಾಯಿಪಾಠ. ಎರಡನೆಯದರಲ್ಲಿ ಎಡವುತ್ತಾರೆ. 50ನ್ನು 8ರಿಂದ ಭಾಗಿಸಿ, 6 ಬಂತು ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ. ಸರಿ ಉತ್ತರ 15. ಎರಡೂ ಪ್ರಶ್ನೆಗೆ ಲೆಕ್ಕ ಒಂದೇ. ಸೂತ್ರವನ್ನು ಸುಮ್ನೆ ಉರು ಹೊಡೆದವರಿಗೆ ಎರಡನೆಯದು ಕೈ ಕೊಡುತ್ತದೆ. ಸೂತ್ರ ಯಾಕೆ ಹಾಗಿದೆ ಎಂದು ಗೊತ್ತಿದ್ದವರಿಗೆ ಎರಡೂ ಅರ್ಧ ನಿಮಿಷದ ಕೆಲಸ.

ಬೇಕಾದದ್ದು ಭಾಗಾಕಾರ ಮತ್ತು ಒಂದು ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು, ಅಷ್ಟೇ. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ ಏನು ಕೇಳುತ್ತಿದೆ

10! ಅಂದರೆ 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ: 3628800. ಈ ಸಂಖ್ಯೆ ನಮ್ಮಲ್ಲಿ ಹಳೆಯದು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಶಿವನ ಹತ್ತು ಕೈಗಳಲ್ಲಿರುವ ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ತ್ರಿಶೂಲ ಮುಂತಾದ ಹತ್ತು ವಸ್ತುಗಳನ್ನು ಅದಲು ಬದಲು ಮಾಡಿದರೆ ಎಷ್ಟು ರೂಪಗಳಾಗುತ್ತವೆ ಎಂಬ ಪ್ರಶ್ನೆ. ಉತ್ತರ ಇದೇ 3628800. ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಬಹಳ ಈಚಿನದು. ಅದನ್ನು ಬಳಕೆಗೆ ತಂದದ್ದು ಕ್ರಿಸ್ಟಿಯನ್ ಕ್ರಾಂಪ್ ಎಂಬ ಗಣಿತಜ್ಞ, 1808ರಲ್ಲಿ.

ಈಗ ಈ 3628800ನ್ನು 2ರಿಂದ ಭಾಗಿಸುತ್ತಾ ಹೋಗಿ. 1814400, 907200, 453600, 226800, 113400, 56700, 28350, 14175. ಇಲ್ಲಿಗೆ ಬೆಸ ಸಂಖ್ಯೆ ಬಂತು, ನಿಂತುಹೋಯಿತು. ಎಷ್ಟು ಸಲ ಭಾಗಿಸಿದೆವು? ಎಂಟು ಸಲ. ಹಾಗಾಗಿ 10!ಅನ್ನು ಭಾಗಿಸುವ 2ರ ಅತಿ ದೊಡ್ಡ ಘಾತ 2⁸. ಪ್ರಶ್ನೆ ಕೇಳುವುದು ಈ ಎಂಟನ್ನು.

10!ಗೆ ಹೀಗೆ ನೇರವಾಗಿ ಮಾಡಬಹುದು. 100!ಗೆ ಆಗುವುದಿಲ್ಲ. ಅದರಲ್ಲಿ 158 ಅಂಕಿಗಳಿವೆ. ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 69!ಕ್ಕೆ ಉತ್ತರ ಕೊಡುತ್ತದೆ, 70! ಒತ್ತಿದರೆ ಎರರ್ ತೋರಿಸುತ್ತದೆ. 70! ಹತ್ತರ ನೂರನೇ ಘಾತವನ್ನು ದಾಟುತ್ತದೆ, ಪರದೆಯಲ್ಲಿ ಘಾತಕ್ಕೆ ಇರುವುದು ಎರಡೇ ಅಂಕಿಯ ಜಾಗ.

ಎಕ್ಸೆಲ್ ಇನ್ನೂ ಅಪಾಯಕಾರಿ, ಯಾಕೆಂದರೆ ಅದು ಎರರ್ ಕೊಡುವುದಿಲ್ಲ, ತಪ್ಪು ದಾರಿ ಹಿಡಿಸುತ್ತದೆ. 25!ನ ನಿಜವಾದ ಬೆಲೆ 15511210043330985984000000. ಕೊನೆಯಲ್ಲಿ ಆರು ಸೊನ್ನೆ. ಎಕ್ಸೆಲ್ ಸಂಖ್ಯೆಯನ್ನು ಮೊದಲ 15 ಅಂಕಿಗಳಿಗೆ ದುಂಡಾಗಿಸಿ ತೋರಿಸುತ್ತದೆ, ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬುತ್ತದೆ. ಹಾಗಾಗಿ ಪೂರ್ತಿ ಸಂಖ್ಯೆಯಾಗಿ ತೋರಿಸಲು ಹೇಳಿದರೆ ಪರದೆಯ ಮೇಲೆ 15511210043331000000000000 ಎಂದು ಕಾಣುತ್ತದೆ. ಎಣಿಸಿದರೆ ಹನ್ನೆರಡು ಸೊನ್ನೆ! ಅರ್ಧಕ್ಕೆ ಅರ್ಧ ಸುಳ್ಳು.

ಆದ್ದರಿಂದ ದೊಡ್ಡ ಸಂಖ್ಯೆಯನ್ನು ಕಟ್ಟಿ ಆಮೇಲೆ ಭಾಗಿಸುವ ದಾರಿ ಬೇಡ. ಕಟ್ಟುವ ಮೊದಲೇ ಒಳಗೆ ಎಷ್ಟು ಎರಡುಗಳಿವೆ, ಎಷ್ಟು ಮೂರುಗಳಿವೆ ಎಂದು ಎಣಿಸಿಬಿಡೋಣ.

ಮೊದಲ ಹಂತ: ಅವಿಭಾಜ್ಯ ಸಂಖ್ಯೆ ಕೊಟ್ಟಾಗ

30!ನಲ್ಲಿ 3ರ ಅತಿ ದೊಡ್ಡ ಘಾತ ಬೇಕು ಅಂದುಕೊಳ್ಳಿ. 1ರಿಂದ 30ರವರೆಗಿನ ಸಂಖ್ಯೆಗಳಲ್ಲಿ 3 ಎಲ್ಲೆಲ್ಲಿ ಅಡಗಿದೆ? 3ರ ಮಗ್ಗಿಯಲ್ಲಿ ಬರುವವುಗಳಲ್ಲಿ ಮಾತ್ರ: 3, 6, 9, 12, 15, 18, 21, 24, 27, 30. ಒಟ್ಟು ಹತ್ತು. 7ರಲ್ಲಾಗಲಿ 20ರಲ್ಲಾಗಲಿ 3 ಇಲ್ಲ, ಅವುಗಳ ಕಡೆ ನೋಡುವುದೇ ಬೇಡ.

ಆದರೆ ಉತ್ತರ 10 ಅಲ್ಲ. 9ರ ಒಳಗೆ ಎರಡು ಮೂರುಗಳಿವೆ, ನಾವು ಒಂದನ್ನಷ್ಟೇ ಎಣಿಸಿದ್ದೇವೆ. 18ರಲ್ಲೂ ಎರಡು. 27ರಲ್ಲಿ ಮೂರು. ಹಾಗಾಗಿ ಎರಡನೇ ಸುತ್ತು ಬೇಕು. 9ರ ಮಗ್ಗಿಯವು 9, 18, 27. ಇವಕ್ಕೆ ತಲಾ ಒಂದು ಸೇರಿಸಿದರೆ ಇನ್ನೂ 3. ಮೂರನೇ ಸುತ್ತಿನಲ್ಲಿ 27ರ ಮಗ್ಗಿಯದು ಒಂದೇ, 27. ಅದಕ್ಕೆ ಇನ್ನೂ 1. ಒಟ್ಟು 10 + 3 + 1 = 14.

27ನ್ನು ಮೂರು ಸಲ ಎಣಿಸಿದೆವಲ್ಲ, ಅದು ತಪ್ಪಲ್ಲವಾ ಎಂದು ಕೆಲವರಿಗೆ ಅನುಮಾನ ಬರುತ್ತದೆ. ಅದರಲ್ಲಿ ಮೂರು ಮೂರುಗಳು ಇರುವುದರಿಂದಲೇ ಮೂರು ಸಲ ಎಣಿಸಬೇಕು. 9 ಎರಡು ಸುತ್ತಿನಲ್ಲಿ ಬಂತು, 6 ಒಂದೇ ಸುತ್ತಿನಲ್ಲಿ ಬಂತು. ಯಾವುದರಲ್ಲಿ ಎಷ್ಟು ಮೂರುಗಳಿವೆಯೋ ಅದು ಅಷ್ಟೇ ಸುತ್ತು ಬರುತ್ತದೆ. ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಕಾಗದದ ಮೇಲೆ ಇಷ್ಟೆಲ್ಲ ಬರೆಯಬೇಕಾಗಿಲ್ಲ. ಹೀಗೆ ಮಾಡಿ:

30 → 10 → 3 → 1

30ನ್ನು 3ರಿಂದ ಭಾಗಿಸಿ, 10. ಆ 10ನ್ನು 3ರಿಂದ ಭಾಗಿಸಿ, 3 (ಶೇಷ ಬಿಟ್ಟುಬಿಡಿ). ಆ 3ನ್ನು 3ರಿಂದ ಭಾಗಿಸಿ, 1. ಇನ್ನು ಭಾಗಿಸಿದರೆ ಸೊನ್ನೆ, ನಿಲ್ಲಿಸಿ. ಬಾಣದ ಬಲಗಡೆ ಇರುವವನ್ನೆಲ್ಲ ಕೂಡಿ: 14. ಎಡ ತುದಿಯ 30ನ್ನು ಕೂಡಬೇಡಿ. ಅವಸರದಲ್ಲಿ ಅದನ್ನೂ ಸೇರಿಸಿ 44 ಬರೆಯುವವರು ಇದ್ದಾರೆ. ಆಯ್ಕೆಗಳಲ್ಲಿ ಆ 44 ಕೂಡ ನಿಮಗಾಗಿ ಕಾಯುತ್ತಿರಬಹುದು.

ಬಂದ ಭಾಗಲಬ್ಧವನ್ನೇ ಮತ್ತೆ ಭಾಗಿಸಿದರೆ ಸಾಕು ಅನ್ನುವುದು ಯಾಕೆ? ಇದು ಇಡೀ ವಿಷಯದ ಹೂರಣ, ಸ್ವಲ್ಪ ನಿಂತು ನೋಡಿ. 3ರ ಮಗ್ಗಿಯ ಆ ಹತ್ತು ಸಂಖ್ಯೆಗಳನ್ನು ಗುಣಿಸಿ ಬರೆಯೋಣ:

3 × 6 × 9 × … × 30 = (3×1) × (3×2) × (3×3) × … × (3×10)

ಪ್ರತಿಯೊಂದರಿಂದ ಒಂದೊಂದು 3ನ್ನು ಹೊರಗೆ ತೆಗೆದರೆ 3¹⁰ ಆಚೆ ಬಂತು. ಒಳಗೆ ಉಳಿದದ್ದು? 1 × 2 × 3 × … × 10. ಅಂದರೆ 10!. ಈಗ 10!ನಲ್ಲಿ ಎಷ್ಟು ಮೂರುಗಳಿವೆ ಎಂದು ಕೇಳಿದರಾಯಿತು, ಅದೇ ಪ್ರಶ್ನೆ ಚಿಕ್ಕದಾಗಿ ಮರಳಿ ಬಂತು. ಅದರಿಂದ 3³ ಆಚೆ ಬಂದು ಒಳಗೆ 3! ಉಳಿಯುತ್ತದೆ. ಅದರಿಂದ ಇನ್ನೊಂದು. ಇದನ್ನು ಒಮ್ಮೆ ಕಂಡುಕೊಂಡ ಮೇಲೆ ಸೂತ್ರ ಮರೆತರೂ ಚಿಂತೆಯಿಲ್ಲ, ಪರೀಕ್ಷಾ ಕೊಠಡಿಯಲ್ಲೇ ಮತ್ತೆ ಕಟ್ಟಿಕೊಳ್ಳಬಹುದು. ಪುಸ್ತಕಗಳಲ್ಲಿ ಇದಕ್ಕೆ ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ (1752–1833) ಅವರ ಹೆಸರಿದೆ, ಲೆಜಾಂಡ್ರ್ ಸೂತ್ರ ಎನ್ನುತ್ತಾರೆ.

100!ಗೆ ಇದನ್ನೇ ಮಾಡಿ ಇಟ್ಟುಕೊಳ್ಳೋಣ, ಮುಂದೆ ಪದೇ ಪದೇ ಬೇಕಾಗುತ್ತದೆ.

2ಕ್ಕೆ: 100 → 50 → 25 → 12 → 6 → 3 → 1. ಮೊತ್ತ 97.
3ಕ್ಕೆ: 100 → 33 → 11 → 3 → 1. ಮೊತ್ತ 48.
5ಕ್ಕೆ: 100 → 20 → 4. ಮೊತ್ತ 24.
7ಕ್ಕೆ: 100 → 14 → 2. ಮೊತ್ತ 16.

25ರ ಅರ್ಧ ಹನ್ನೆರಡೂವರೆ ಅಲ್ವಾ, 13 ಮಾಡಬಹುದಾ? ಬೇಡ. 25ರವರೆಗೆ ಎಷ್ಟು ಸಮ ಸಂಖ್ಯೆಗಳಿವೆ ಎಂದು ಎಣಿಸುತ್ತಿದ್ದೇವೆ. ಅರ್ಧ ಸಮ ಸಂಖ್ಯೆ ಅಂತ ಇಲ್ಲ. ಯಾವಾಗಲೂ ಕೆಳಗಿನದನ್ನೇ ತೆಗೆದುಕೊಳ್ಳಿ.

ಕೊನೆಯ ಸೊನ್ನೆಗಳು

ಒಂದು ಸಂಖ್ಯೆಯ ಕೊನೆಗೆ ಸೊನ್ನೆ ಬರುವುದು ಅದರಲ್ಲಿ 10 ಇದ್ದಾಗ. 10 ಆಗಲು ಒಂದು 2, ಒಂದು 5 ಬೇಕು. 100!ನಲ್ಲಿ 97 ಎರಡುಗಳಿವೆ, 24 ಐದುಗಳಿವೆ. ಜೋಡಿ ಮಾಡಿದರೆ 24 ಜೋಡಿ. ಸೊನ್ನೆಗಳೂ 24. ಫ್ಯಾಕ್ಟೋರಿಯಲ್‌ನಲ್ಲಿ 5 ಯಾವಾಗಲೂ 2ಕ್ಕಿಂತ ಕಡಿಮೆ ಇರುವುದರಿಂದ ಸೊನ್ನೆಯ ಪ್ರಶ್ನೆಗೆ 5ನ್ನು ಎಣಿಸಿದರೆ ಮುಗಿಯಿತು. 1000!ಗೆ 200 + 40 + 8 + 1 = 249 ಸೊನ್ನೆ.

ಎರಡನೇ ಹಂತ: ಸಂಖ್ಯೆ ಅವಿಭಾಜ್ಯ ಅಲ್ಲದಿದ್ದಾಗ

ತಪ್ಪುಗಳು ಜಾಸ್ತಿ ಆಗುವ ಜಾಗ ಇದು.

50!ನಲ್ಲಿ 8ರ ಘಾತ ಕೇಳಿದಾಗ 50 → 6 → 0 ಎಂದು ಭಾಗಿಸಿದರೆ 6 ಬರುತ್ತದೆ. ಹೀಗೆ ಮಾಡಿದಾಗ ಎಣಿಸಿದ್ದು ಏನು? 8, 16, 24, 32, 40, 48 ಇವನ್ನು ಮಾತ್ರ. ಆದರೆ 8 ಆಗಲು 8ರ ಮಗ್ಗಿಯ ಸಂಖ್ಯೆಯೇ ಬೇಕೆಂದಿಲ್ಲ. 2, 4, 6 ಈ ಮೂರನ್ನು ಗುಣಿಸಿದರೆ 48, ಅದರೊಳಗೆ ಎರಡು ಎಂಟುಗಳಾಗುವಷ್ಟು ಎರಡುಗಳಿಲ್ಲದಿದ್ದರೂ ಒಂದು 8 ಆಗಿಯೇ ಆಯಿತು. ಚದುರಿ ಬಿದ್ದ ಎರಡುಗಳೆಲ್ಲ ಸೇರಿ 8 ಕಟ್ಟುತ್ತವೆ. ನೇರ ಭಾಗಾಕಾರಕ್ಕೆ ಅವು ಕಾಣುವುದೇ ಇಲ್ಲ.

ಸರಿಯಾದ ದಾರಿ: 8 = 2³. ಮೊದಲು 50!ನಲ್ಲಿ ಎಷ್ಟು ಎರಡುಗಳಿವೆ ನೋಡಿ. 50 → 25 → 12 → 6 → 3 → 1, ಮೊತ್ತ 47. ಒಂದು 8ಕ್ಕೆ ಮೂರು ಎರಡು ಬೇಕು. 47ನ್ನು 3ರಿಂದ ಭಾಗಿಸಿದರೆ 15, ಶೇಷ 2. ಉತ್ತರ 15. ಆ ಉಳಿದ ಎರಡು ಎರಡುಗಳಿಂದ ಇನ್ನೊಂದು 8 ಆಗುವುದಿಲ್ಲ, ಬಿಡಿ.

ನಂಬಿಕೆ ಬರದಿದ್ದರೆ ಚಿಕ್ಕದರಲ್ಲಿ ಪರೀಕ್ಷೆ ಮಾಡಿ. 10!ನಲ್ಲಿ 4ರ ಘಾತ. ನೇರ ಭಾಗಿಸಿದರೆ 10 → 2, ಉತ್ತರ 2. ನಮ್ಮ ದಾರಿಯಲ್ಲಿ ಎರಡುಗಳು 8, ಅದರ ಅರ್ಧ 4. 4⁴ = 256. 3628800ನ್ನು 256ರಿಂದ ಭಾಗಿಸಿ, 14175 ಬರುತ್ತದೆ. ಮೇಲೆ ಎಂಟು ಸಲ 2ರಿಂದ ಭಾಗಿಸಿದಾಗ ಬಂದ ಅದೇ ಸಂಖ್ಯೆ.

ಒಂದಕ್ಕಿಂತ ಹೆಚ್ಚು ಅವಿಭಾಜ್ಯಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕಿ, ಕೊನೆಗೆ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಬೇಕು. 100!ನಲ್ಲಿ 24ರ ಘಾತ ನೋಡೋಣ. 24 = 2³ × 3. ಇದು ಇಡ್ಲಿಗೆ ನೆನೆಹಾಕಿದ ಹಾಗೆ: ಒಂದು ಸಲಕ್ಕೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದು. ಮನೆಯಲ್ಲಿ 97 ಪಾವು ಅಕ್ಕಿ, 48 ಪಾವು ಉದ್ದು ಇದೆ. ಎಷ್ಟು ಸಲ ಹಿಟ್ಟು ರುಬ್ಬಬಹುದು? ಅಕ್ಕಿ 97 ÷ 3, ಅಂದರೆ 32 ಸಲಕ್ಕೆ ಬರುತ್ತದೆ. ಉದ್ದು 48 ಸಲಕ್ಕೆ ಬರುತ್ತದೆ. 32 ಸಲ ಆದಮೇಲೆ ಉದ್ದು ಇನ್ನೂ 16 ಪಾವು ಮಿಕ್ಕಿರುತ್ತದೆ, ಅಕ್ಕಿ ಒಂದೇ ಪಾವು. ಉತ್ತರ 32.

ಗಮನಿಸಿ, ಇಲ್ಲಿ ಕೊರತೆ ಬಿದ್ದದ್ದು 2. ಮೊತ್ತದಲ್ಲಿ 97 ಇದ್ದರೂ ಅದೇ ಮೊದಲು ಖಾಲಿಯಾಯಿತು. "ದೊಡ್ಡ ಅವಿಭಾಜ್ಯವನ್ನು ಮಾತ್ರ ನೋಡಿದರೆ ಸಾಕು" ಎಂಬ ಶಾರ್ಟ್‌ಕಟ್ ಇಲ್ಲಿ ಕೈ ಕೊಡುತ್ತದೆ, ಅದನ್ನು ನಂಬಿದವರು 48 ಬರೆದು ಬರುತ್ತಾರೆ. ಆ ಶಾರ್ಟ್‌ಕಟ್ ಪೂರ್ತಿ ಸುಳ್ಳೂ ಅಲ್ಲ. ಪ್ರತಿ ಅವಿಭಾಜ್ಯವೂ ಒಂದೊಂದೇ ಸಲ ಬರುವ ಸಂಖ್ಯೆಗಳಿಗೆ, ಅಂದರೆ 6, 10, 15, 30, 42 ಇಂಥವಕ್ಕೆ ಅದು ಸರಿ. 42 = 2 × 3 × 7, ಆದ್ದರಿಂದ 100!ನಲ್ಲಿ 42ರ ಘಾತ 7ರದೇ, 16. ಘಾತ ಬಂದ ಕೂಡಲೇ ಎಚ್ಚರ ಇರಲಿ.

12 ಎಂಬ ತರಲೆ

12 = 2² × 3. ಪರೀಕ್ಷೆಗಳಿಗೆ ಇದು ಬಹಳ ಪ್ರಿಯವಾದ ಸಂಖ್ಯೆ, ಯಾಕೆ ಎಂದು ಈಗ ನೋಡಿ.

50!ನಲ್ಲಿ: ಎರಡುಗಳು 47, ಜೋಡಿಗಳು 23. ಮೂರುಗಳು 16 + 5 + 1 = 22. ಚಿಕ್ಕದು 22, ಇಲ್ಲಿ 3 ಕೊರತೆ.

30!ನಲ್ಲಿ: ಎರಡುಗಳು 15 + 7 + 3 + 1 = 26, ಜೋಡಿಗಳು 13. ಮೂರುಗಳು 14. ಚಿಕ್ಕದು 13, ಇಲ್ಲಿ 2 ಕೊರತೆ.

100!ನಲ್ಲಿ: ಜೋಡಿಗಳು 48, ಮೂರುಗಳೂ 48. ಸಮ ಸಮ.

ಒಂದೇ 12, ಮೂರು ಕಡೆ ಮೂರು ನಡತೆ. ಯಾವುದು ಕೊರತೆ ಬೀಳುತ್ತದೆ ಎಂದು ನೋಡಿದ ತಕ್ಷಣ ಹೇಳಲು ಆಗದ ಸಂಖ್ಯೆ ಇದು. ಎರಡನ್ನೂ ಲೆಕ್ಕ ಹಾಕಲೇಬೇಕು.

ಹಾಗಾದರೆ ಯಾವಾಗ ಎಲ್ಲವನ್ನೂ ಲೆಕ್ಕ ಹಾಕಬೇಕು, ಯಾವಾಗ ಒಂದು ಸಾಕು? ಇದಕ್ಕೆ ಒಂದು ಒಳ್ಳೆಯ ಅಂದಾಜು ಇದೆ. ಫ್ಯಾಕ್ಟೋರಿಯಲ್‌ನಲ್ಲಿ ಎರಡುಗಳ ಎಣಿಕೆ ಹೆಚ್ಚೂ ಕಡಿಮೆ ಆ ಸಂಖ್ಯೆಯಷ್ಟೇ ಇರುತ್ತದೆ (100ಕ್ಕೆ 97). ಮೂರುಗಳದ್ದು ಸುಮಾರು ಅರ್ಧ (100ಕ್ಕೆ 48). ಐದುಗಳದ್ದು ಸುಮಾರು ಕಾಲು (24). ಏಳರದ್ದು ಆರನೇ ಒಂದು ಪಾಲು (16). ಅವಿಭಾಜ್ಯದಿಂದ 1 ಕಳೆದು, ಅದರಿಂದ ಭಾಗಿಸಿದ ಹಾಗೆ. ನಿಜವಾದ ಉತ್ತರ ಯಾವಾಗಲೂ ಈ ಅಂದಾಜಿಗಿಂತ ತುಸು ಕಡಿಮೆ ಇರುತ್ತದೆ, ಸಮ ಆಗುವುದೂ ಇಲ್ಲ, ಮೀರುವುದೂ ಇಲ್ಲ. ಹಾಗಾಗಿ ಉತ್ತರ ಸರಿಯಿದೆಯೇ ಎಂದು ಒರೆಹಚ್ಚಲೂ ಇದು ಉಪಯೋಗ. 100!ನಲ್ಲಿ ಮೂರುಗಳು 52 ಎಂದು ಬಂದರೆ ಎಲ್ಲೋ ಕೂಡುವುದು ತಪ್ಪಿದೆ ಎಂದೇ ಅರ್ಥ.

ಈಗ ಕೊಟ್ಟ ಸಂಖ್ಯೆಯನ್ನು ಒಡೆದು, ಪ್ರತಿ ಅವಿಭಾಜ್ಯಕ್ಕೂ ಅದರ ಘಾತವನ್ನು "ಅವಿಭಾಜ್ಯ ಮೈನಸ್ 1"ರಿಂದ ಗುಣಿಸಿ. ಯಾವುದಕ್ಕೆ ದೊಡ್ಡ ಬೆಲೆ ಬರುತ್ತದೋ ಅದು ಕೊರತೆಯ ಆಸಾಮಿ. 24ಕ್ಕೆ: 2ರದ್ದು 3 × 1 = 3, 3ರದ್ದು 1 × 2 = 2. ಕೊರತೆ 2ರದ್ದು. 72 = 2³ × 3²ಕ್ಕೆ: 2ರದ್ದು 3, 3ರದ್ದು 2 × 2 = 4. ಕೊರತೆ 3ರದ್ದು, 100!ನಲ್ಲಿ 48 ÷ 2 = 24. 12ಕ್ಕೆ: 2 × 1 = 2, 1 × 2 = 2. ಸಮ ಬಂತು, ಅದಕ್ಕೇ ಅದು ಅಷ್ಟು ಆಟ ಆಡಿಸುವುದು.

ಸಮ ಬಂದರೆ ಅಥವಾ ಫ್ಯಾಕ್ಟೋರಿಯಲ್ ಚಿಕ್ಕದಾಗಿದ್ದರೆ ಈ ಅಂದಾಜಿನ ಮೇಲೆ ಭಾರ ಹಾಕಬೇಡಿ, ಎಲ್ಲವನ್ನೂ ಲೆಕ್ಕ ಹಾಕಿ. ಸಮ ಬರುವವುಗಳಲ್ಲಿ ನನಗೆ ಇಷ್ಟವಾದದ್ದು 720. ಅದು 2⁴ × 3² × 5. ಗುಣಿಸಿದರೆ 4, 4, 4! ಮೂರೂ ಸಮ. 100!ನಲ್ಲಿ ನೋಡಿದರೆ 97 ÷ 4 = 24, 48 ÷ 2 = 24, ಐದುಗಳು 24. ಮೂರೂ ಒಟ್ಟಿಗೆ ಮುಗಿಯುತ್ತವೆ, ಒಂದೇ ಒಂದು 2 ಮಿಗುತ್ತದೆ. ಅಂದ ಹಾಗೆ 720 ಅಂದರೆ 6!.

ಇನ್ನೊಂದು ಸಣ್ಣ ಬಲೆ: 100!ನಲ್ಲಿ 202ರ ಘಾತ ಎಷ್ಟು? 202 = 2 × 101. 101 ಅವಿಭಾಜ್ಯ, 100ರವರೆಗೆ ಅದು ಬರುವುದೇ ಇಲ್ಲ. ಉತ್ತರ ಸೊನ್ನೆ.

ಒಂದು ಅಡ್ಡದಾರಿ

2ರ ಘಾತಕ್ಕೆ ಇನ್ನೂ ಬೇಗ ಆಗುವ ದಾರಿ ಇದೆ. ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ (0, 1 ಎರಡೇ ಅಂಕಿ ಬಳಸಿ; ಅಂದರೆ 1, 2, 4, 8 ಇಂಥ ಬೇರೆ ಬೇರೆ ತುಂಡುಗಳ ಮೊತ್ತವಾಗಿ) ಬರೆದು, ಅದರಲ್ಲಿ ಎಷ್ಟು ಒಂದುಗಳಿವೆಯೋ ಅಷ್ಟನ್ನು ಸಂಖ್ಯೆಯಿಂದ ಕಳೆಯಿರಿ. 100 = 64 + 32 + 4. ಮೂರು ತುಂಡು, ಅಂದರೆ ಮೂರು ಒಂದುಗಳು. 100 − 3 = 97. ಮುಗಿಯಿತು. 50 = 32 + 16 + 2, ಹಾಗಾಗಿ 47. 128!ಗೆ 128 ಒಂದೇ ತುಂಡು, ಉತ್ತರ 127.

ಬೇರೆ ಅವಿಭಾಜ್ಯಕ್ಕೂ ಇದೇ ನಡೆಯುತ್ತದೆ. ಸಂಖ್ಯೆಯನ್ನು ಆ ಅವಿಭಾಜ್ಯದ ಆಧಾರದಲ್ಲಿ ಬರೆಯಿರಿ, ಅಂಕಿಗಳನ್ನು ಕೂಡಿ, ಸಂಖ್ಯೆಯಿಂದ ಕಳೆಯಿರಿ, ಬಂದದ್ದನ್ನು "ಅವಿಭಾಜ್ಯ ಮೈನಸ್ 1"ರಿಂದ ಭಾಗಿಸಿ. 100 ಅಂದರೆ 4 × 25, ಐದರ ಆಧಾರದಲ್ಲಿ 400. ಅಂಕಿಗಳ ಮೊತ್ತ 4. (100 − 4) ÷ 4 = 24. ನಿಜ ಹೇಳಬೇಕೆಂದರೆ 2ಕ್ಕೆ ಬಿಟ್ಟು ಬೇರೆಯವಕ್ಕೆ ಬಾಣದ ದಾರಿಯೇ ವಾಸಿ. ಆಧಾರ ಬದಲಿಸುವಷ್ಟರಲ್ಲಿ ಭಾಗಾಕಾರ ಮುಗಿದಿರುತ್ತದೆ.

ಪ್ರಶ್ನೆ ವೇಷ ಬದಲಿಸಿ ಬಂದಾಗ

50 × 51 × 52 × … × 100, ಇದರ ಕೊನೆಯಲ್ಲಿ ಎಷ್ಟು ಸೊನ್ನೆ? ಇದು 100! ÷ 49!. ಐದುಗಳು 24, ಅದರಿಂದ 49!ನ ಐದುಗಳನ್ನು (9 + 1 = 10) ಕಳೆಯಿರಿ, 14. ಭಾಗಿಸಿದಾಗ ಘಾತ ಕಳೆಯಬೇಕು ಅನ್ನುವುದಷ್ಟೇ ಇಲ್ಲಿ ವಿಷಯ. 50!ನಿಂದ ಭಾಗಿಸಿಬಿಟ್ಟರೆ 50 ಕೈತಪ್ಪುತ್ತದೆ, ಅದರೊಳಗೆ ಎರಡು ಐದುಗಳಿವೆ. ಎಲ್ಲಿಂದ ಶುರು ಎಂದು ಎರಡು ಸಲ ನೋಡಿ.

2 × 4 × 6 × … × 100ರ ಕೊನೆಯಲ್ಲಿ ಎಷ್ಟು ಸೊನ್ನೆ? ಪ್ರತಿಯೊಂದರಿಂದ 2 ತೆಗೆದರೆ 2⁵⁰ × 50!. ಐದುಗಳು 10 + 2 = 12, ಉತ್ತರ 12. ಹಾಗೇ 1 × 3 × 5 × … × 99ಕ್ಕೆ? ಐದುಗಳು ಇಲ್ಲೂ 12 ಇವೆ, ಆದರೆ 2 ಒಂದೂ ಇಲ್ಲ. ಸೊನ್ನೆಯೇ ಬರುವುದಿಲ್ಲ. "5 ಎಣಿಸಿದರೆ ಸಾಕು" ಅನ್ನುವ ಮಾತು ಪೂರ್ತಿ ಫ್ಯಾಕ್ಟೋರಿಯಲ್‌ಗೆ ಮಾತ್ರ.

100! + 200!ನ ಕೊನೆಯಲ್ಲಿ? 200!ನಲ್ಲಿ 49 ಸೊನ್ನೆ. ಕೂಡುವುದು ತಾನೇ, 24 + 49 ಮಾಡಬಾರದು. 24 ಸೊನ್ನೆ ಇರುವ ಸಂಖ್ಯೆಯ ಕೆಳಗೆ 49 ಸೊನ್ನೆ ಇರುವುದನ್ನು ಬರೆದು ಕೂಡಿ ನೋಡಿ, ಬಲಗಡೆಯ 24 ಸೊನ್ನೆ ಹಾಗೇ ಇಳಿಯುತ್ತವೆ, 25ನೇ ಜಾಗದಲ್ಲಿ 100!ನ ಅಂಕಿ ನಿಲ್ಲುತ್ತದೆ. ಉತ್ತರ 24.

100 ಜನರಲ್ಲಿ 50 ಜನರನ್ನು ಆರಿಸುವ ವಿಧಗಳ ಸಂಖ್ಯೆಯನ್ನು 7 ಭಾಗಿಸುತ್ತದೆಯೇ? ಆ ಸಂಖ್ಯೆ 100!ಅನ್ನು 50!ರಿಂದ ಎರಡು ಸಲ ಭಾಗಿಸಿದ್ದು. 100!ನಲ್ಲಿ ಏಳುಗಳು 16, 50!ನಲ್ಲಿ 7 + 1 = 8. ಎಂಟು ಎಂಟು ಹದಿನಾರು ಹೋದರೆ ಉಳಿಯುವುದು ಸೊನ್ನೆ. ಭಾಗಿಸುವುದಿಲ್ಲ. 2 ಎಷ್ಟು ಸಲ ಭಾಗಿಸುತ್ತದೆ? 97 − 47 − 47 = 3. ಇದರ ಹಿಂದೆ ಕುಮ್ಮರ್ ಎಂಬ ಜರ್ಮನ್ ಗಣಿತಜ್ಞ 1852ರಲ್ಲಿ ಕೊಟ್ಟ ಒಂದು ಸೊಗಸಾದ ಫಲಿತಾಂಶವಿದೆ. 50ಕ್ಕೆ 50ನ್ನು ದ್ವಿಮಾನದಲ್ಲಿ ಕೂಡುವಾಗ ಎಷ್ಟು ಸಲ "ಕೈಲಿ ಒಂದು" ಬರುತ್ತದೋ ಅಷ್ಟೇ ಈ ಘಾತ. 50 ದ್ವಿಮಾನದಲ್ಲಿ 110010. ಕೂಡಿ ನೋಡಿ, ಕೈಲಿ ಒಂದು ಸರಿಯಾಗಿ ಮೂರು ಸಲ ಬರುತ್ತದೆ.

ಉಲ್ಟಾ ಪ್ರಶ್ನೆ

ಕೊನೆಯಲ್ಲಿ ಸರಿಯಾಗಿ 100 ಸೊನ್ನೆ ಇರುವ ಅತಿ ಚಿಕ್ಕ ಫ್ಯಾಕ್ಟೋರಿಯಲ್ ಯಾವುದು? ಅಂದಾಜನ್ನು ತಿರುಗಿಸಿ ಬಳಸಿ. ಐದುಗಳು ಸುಮಾರು ಕಾಲು ಭಾಗ ಇರುವುದರಿಂದ ಸಂಖ್ಯೆ ಸುಮಾರು 400. ಅಂದಾಜು ಯಾವಾಗಲೂ ತುಸು ಜಾಸ್ತಿ ತೋರಿಸುವುದರಿಂದ 400ಕ್ಕೆ 100 ಬರುವುದಿಲ್ಲ ಎಂದು ಮೊದಲೇ ಗೊತ್ತು. 400 → 80 → 16 → 3, ಮೊತ್ತ 99. ಒಂದು ಕಡಿಮೆ. ಮುಂದಿನ 5ರ ಮಗ್ಗಿಯ ಸಂಖ್ಯೆ 405: 81 + 16 + 3 = 100. ಉತ್ತರ 405!. 409!ರವರೆಗೂ ಅಷ್ಟೇ ಇರುತ್ತದೆ. ನಡುವೆ ಹೊಸ 5 ಬರುವುದಿಲ್ಲವಲ್ಲ.

ಹಾಗೆಂದು ಯಾವ ಎಣಿಕೆ ಕೇಳಿದರೂ ಸಿಗುತ್ತದೆ ಎಂದಲ್ಲ. ಸರಿಯಾಗಿ 5 ಸೊನ್ನೆ ಇರುವ ಫ್ಯಾಕ್ಟೋರಿಯಲ್ ಇಲ್ಲವೇ ಇಲ್ಲ. 24!ನಲ್ಲಿ 4 ಸೊನ್ನೆ. 25 ಬಂದಾಗ ಒಟ್ಟಿಗೇ ಎರಡು ಐದು ಸೇರಿ 6ಕ್ಕೆ ಜಿಗಿಯುತ್ತದೆ. 49!ನಲ್ಲಿ 10, 50!ನಲ್ಲಿ 12, ಹಾಗಾಗಿ 11 ಇಲ್ಲ. 124!ನಲ್ಲಿ 28, 125!ನಲ್ಲಿ 31, ಅಲ್ಲಿ 29, 30 ಎರಡೂ ಇಲ್ಲ. "ಸರಿಯಾಗಿ" ಎಂದು ಕೇಳಿದ್ದಾರಾ, "ಕನಿಷ್ಠ" ಎಂದು ಕೇಳಿದ್ದಾರಾ ನೋಡಿಕೊಂಡು ಉತ್ತರಿಸಿ. ಕನಿಷ್ಠ 5 ಸೊನ್ನೆ ಎಂದರೆ ಉತ್ತರ 25!.

ನೀವೇ ಮಾಡಿ ನೋಡಿ

ಕ) 200!ನಲ್ಲಿ 15ರ ಘಾತ.
ಖ) 60!ನಲ್ಲಿ 18ರ ಘಾತ.
ಗ) 128!ನಲ್ಲಿ 16ರ ಘಾತ.
ಘ) 1000!ನಲ್ಲಿ 13ರ ಘಾತ.
ಚ) 21 × 22 × … × 60ರಲ್ಲಿ 7ರ ಘಾತ.
ಛ) 7¹⁰ರಿಂದ ಭಾಗವಾಗುವ ಅತಿ ಚಿಕ್ಕ ಫ್ಯಾಕ್ಟೋರಿಯಲ್.

ಉತ್ತರಗಳು: ಕ) 49. ಖ) ಮೂರುಗಳು 28, ಎರಡೆರಡರಂತೆ 14. ಗ) 127ನ್ನು 4ರಿಂದ ಭಾಗಿಸಿ, 31. ಘ) 76 + 5 = 81. ಚ) 60!ನಲ್ಲಿ 9, 20!ನಲ್ಲಿ 2, ವ್ಯತ್ಯಾಸ 7. ಛ) 60ರ ಹತ್ತಿರ ಹುಡುಕಿ. 60!ನಲ್ಲಿ 9 ಏಳುಗಳು, 63!ನಲ್ಲಿ 10. ಉತ್ತರ 63!.